ತೊಟ್ಟಿಯ ಮುಂದೆ ನಿಂತ ಸಾಹೇಬ

ಸಾಹೇಬ ಮೊದಲನೇ ತೊಟ್ಟಿಯಲ್ಲಿ ನೀರು ಕುಡಿಯಲಿಲ್ಲ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದೂರದ ಸವಾರಿಗೆ ಹೊರಟ ಕುದುರೆಗಳು ಬೆಳಗಿನ ತಂಪಿನಲ್ಲಿ ಮೊದಲ ತೊಟ್ಟಿಯನ್ನು ಮೂಸಿ, ಮೂಗು ಮುರಿದು ಮುಂದೆ ಹೋಗುವುದು ಇದ್ದದ್ದೇ. ಸಾಹೇಬ ಅಂದರೆ ಯಾವ ಅಧಿಕಾರಿಯೂ ಅಲ್ಲ, ಬೂದು ಬಣ್ಣದ ಗಂಡುಕುದುರೆ. ಲಾಯದಿಂದ ಹೊರಗೆ ಬರುವಾಗ ಅತ್ತಿತ್ತ ನೋಡಿ, ಕಸ ಗುಡಿಸಿದ್ದಾರೋ ಇಲ್ಲವೋ ಎಂದು ತಪಾಸಣೆ ಮಾಡುವವರ ಗತ್ತಿನಲ್ಲಿ ಹೆಜ್ಜೆ ಹಾಕುತ್ತಿದ್ದುದರಿಂದ ಆ ಹೆಸರು ಬಂತು. ಹೆಸರು ಬಂದ ಮೇಲೆ ಅದು ಹೋಗಿ ಅವನಾದ.

ಮೇಲೆ ಕೂತಿದ್ದವಳು ಟೈಲರಮ್ಮ. ಬೀದಿಯ ತುದಿಯಲ್ಲಿ ಅವಳದೊಂದು ಅಂಗಡಿ, ಅದರಲ್ಲಿ ಎರಡು ಹೊಲಿಗೆ ಯಂತ್ರ. ಒಂದರಲ್ಲಿ ಪರದೆ, ಶಾಲೆಯ ಸಮವಸ್ತ್ರ. ಇನ್ನೊಂದು ದಪ್ಪ ಸೂಜಿಯದು, ಜೀನಿನ ಕೆಳಗೆ ಹಾಸುವ ಮೆತ್ತೆಗಳನ್ನು ಹೊಲಿಯುವುದಕ್ಕೆ. ಸವಾರಿ ಅವಳ ಗಂಡನ ಹುಚ್ಚು. ಅವಳಿಗೂ ಕುದುರೆ ಹತ್ತಲು ಬರುತ್ತಿತ್ತು, ಚಿಕ್ಕ ಸವಾರಿಗಳಿಗೆ ಹೋಗಿಯೂ ಇದ್ದಳು. ಆದರೆ ದೊಡ್ಡ ಸವಾರಿಯ ದಿನ ಅವಳ ಜಾಗ ದಾರಿಯಲ್ಲಿ ಕುದುರೆಗಳನ್ನು ತಡೆದು ನೋಡುವ ಗೇಟಿನ ಹತ್ತಿರ, ಕೈಯಲ್ಲಿ ಸ್ಪಂಜು, ಪಕ್ಕದಲ್ಲಿ ಬಕೆಟ್.

ಗಂಡ ಚಳಿಗಾಲದಲ್ಲಿ ಹೋದ. ಎದೆಯಲ್ಲಿ ಕಫ ಕಟ್ಟಿತು, ಜ್ವರ ಏರಿತು. ಆಸ್ಪತ್ರೆಗೆ ತಾನೇ ನಡೆದುಕೊಂಡು ಹೋದವನು, ವಾಪಸು ಬರಲಿಲ್ಲ. ಟೈಲರಮ್ಮ ಅಳಲಿಲ್ಲ. ಬಂದವರೆಲ್ಲ ಅವಳ ಮುಖವನ್ನೇ ನೋಡುತ್ತ ಕೂತರು, ಈಗ ಅಳುತ್ತಾಳೆ, ಇನ್ನೇನು ಅಳುತ್ತಾಳೆ ಎಂದು. ಅಕ್ಕ ತೋಳು ಹಿಡಿದು, "ಒಂದ್ಸಲ ಅತ್ತುಬಿಡೇ, ಹಗುರ ಆಗುತ್ತೆ" ಅಂದಳು. ಅಳು ಏನು ನಲ್ಲಿಯಲ್ಲಿ ಬರುತ್ತದೆಯೇ, ತಿರುಗಿಸಿದ ತಕ್ಷಣ ಸುರಿಯುವುದಕ್ಕೆ? ಬಂದವರು ಹೋದ ಮೇಲೆ ಅವಳು ಅಂಗಡಿ ತೆರೆದಳು. ಒಂದು ದಿನ ದಪ್ಪ ಸೂಜಿ ಬೆರಳಿನೊಳಗೆ ಇಳಿಯಿತು. ಬಟ್ಟೆ ಕೆಂಪಾಯಿತಲ್ಲ, ಇನ್ನು ಇದನ್ನು ಬೇರೆ ಕತ್ತರಿಸಬೇಕು ಅನ್ನಿಸಿತೇ ಹೊರತು ನೋವು ಅನ್ನಿಸಲಿಲ್ಲ.

ಈ ಸವಾರಿಗೆ ಗಂಡ ಮೊದಲೇ ಹೆಸರು ಕೊಟ್ಟಿದ್ದ. ಮೈದುನ ಬಂದು, "ಅತ್ತಿಗೆ, ಹೆಸರು ವಾಪಸು ತಗೊಳ್ಳೋಣ" ಅಂದಾಗ ಅವಳು ನೂಲು ಪೋಣಿಸುತ್ತಿದ್ದಳು. "ನಾನೇ ಹೋಗ್ತೀನಿ" ಅಂದಳು. ಯಾಕೆ ಅಂದಳೋ ಅವಳಿಗೇ ಗೊತ್ತಿಲ್ಲ. ಬೇರೆ ಯಾವುದಕ್ಕೂ ಮನಸ್ಸು ಇರಲಿಲ್ಲ, ಇದಕ್ಕೂ ಇರಲಿಲ್ಲ. ಇಷ್ಟು ಮಾತ್ರ ಗೊತ್ತಿತ್ತು: ಅವನು ಬಿಟ್ಟುಹೋದದ್ದರಲ್ಲಿ ಜೀವ ಇರುವುದು ಅಂದರೆ ಸಾಹೇಬ ಒಬ್ಬನೇ. ಇವನನ್ನು ಕರೆದುಕೊಂಡು ಹೋಗಿ, ಹೋದ ಹಾಗೇ ಕರೆದುಕೊಂಡು ಬರಬೇಕು.

ಎರಡನೇ ತೊಟ್ಟಿಯಲ್ಲಿಯೂ ಸಾಹೇಬ ಕುಡಿಯಲಿಲ್ಲ. ಹಿಂದೆ ಬಂದ ಕುದುರೆಗಳು ಗಂಟಲು ಸದ್ದು ಮಾಡುತ್ತ ಕುಡಿದು ಹೋದವು. ಇವನು ಮೂತಿಯನ್ನು ನೀರಿಗೆ ಇನ್ನೇನು ತಾಗಿಸಬೇಕು ಅನ್ನುವಷ್ಟು ಇಳಿಸಿ, ಕಿವಿ ಹಿಂದಕ್ಕೆ ತಿರುಗಿಸಿ, ಸುಮ್ಮನೆ ನಿಂತ. ಅವಳು ಕಾದಳು. ಅವನೂ ಕಾದ. ಕೊನೆಗೆ ಅವಳೇ ಲಗಾಮು ಎಳೆದಳು.

ಈಗಿನ ಸವಾರಿಯ ನಿಯಮ ಗೊತ್ತಿಲ್ಲದವರಿಗೆ ಎರಡು ಮಾತು. ಬೆಳಗ್ಗೆ ಹೊರಟು ಸಂಜೆಯೊಳಗೆ ಮುಟ್ಟುವ ದಾರಿಯನ್ನು ಮೂರು ತುಂಡು ಮಾಡಿರುತ್ತಾರೆ. ಪ್ರತಿ ತುಂಡಿನ ಕೊನೆಗೆ ಒಂದು ಗೇಟು, ಗೇಟಿನಲ್ಲಿ ಕುದುರೆ ಡಾಕ್ಟರು. ಅವರು ಎದೆಬಡಿತ ಎಣಿಸುತ್ತಾರೆ, ಕತ್ತಿನ ಚರ್ಮ ಚಿವುಟಿ ಅದು ಎಷ್ಟು ಬೇಗ ಸಮ ಆಗುತ್ತದೆ ನೋಡುತ್ತಾರೆ, ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತಾರೆ. ಎಲ್ಲ ಸರಿ ಇದ್ದರೆ ವಿಶ್ರಾಂತಿ, ಆಮೇಲೆ ಮುಂದಿನ ತುಂಡು. ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಮೊದಲು ಮುಟ್ಟಿದವರು ಯಾರು ಅನ್ನುವುದಕ್ಕಿಂತ, ಮುಟ್ಟಿದ ಕುದುರೆ ಇನ್ನೂ ಕುದುರೆಯಾಗಿ ಉಳಿದಿದೆಯೇ ಅನ್ನುವುದೇ ಇಲ್ಲಿ ಮುಖ್ಯ.

ಮಾವನ, ಅಂದರೆ ಅವಳ ಗಂಡನ ಅಪ್ಪನ, ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಒಂದು ಊರಲ್ಲಿ ಬಂದೂಕು ಹಾರಿಸಿದರೆ ಇನ್ನೊಂದು ಊರಿನ ಚೌಕದಲ್ಲಿ ಹೋಗಿ ನಿಲ್ಲಬೇಕು, ಅಷ್ಟೇ. ನಡುವೆ ಬಯಲು, ಬಿಸಿಲು, ಉಪ್ಪುನೀರಿನ ಹೊಂಡಗಳು. ಮಾವ ಅಂಥ ಓಟವೊಂದನ್ನು ಗೆದ್ದವರು. ಅವತ್ತಿನ ಫೋಟೋ ಟೈಲರಮ್ಮನ ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಮೇಲ್ಗಡೆ ನೇತಾಡುತ್ತಿತ್ತು. ಜನ ಮಾವನನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಮಾವನಿಗೆ ಎಲ್ಲ ಹಲ್ಲೂ ಇವೆ, ಎಲ್ಲವೂ ಕಾಣುತ್ತಿವೆ. ಫೋಟೋದ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಅವರ ಕುದುರೆ ಕೆಂಚಿ ಒಂದು ತೊಟ್ಟಿಯ ಮುಂದೆ ನಿಂತಿದೆ. ಆ ಸಂಜೆಯೇ ಕೆಂಚಿ ಸತ್ತಿತು. ದಣಿದು ಸತ್ತಿತು ಅನ್ನುವುದು ಮನೆಯ ಮಾತು. ಆ ಕಾಲದಲ್ಲಿ ಕುದುರೆ ದಣಿದು ಸಾಯುವುದು ಸುದ್ದಿಯೇ ಅಲ್ಲ.

ಆದರೂ ಮಾವ ಅದಾದ ಮೇಲೆ ಕುದುರೆ ಹತ್ತಲಿಲ್ಲ. ಬಾಯಿ ಮಾತ್ರ ನಿಲ್ಲಲಿಲ್ಲ. ನನ್ನ ಕೆಂಚಿ ನನ್ನ ಮಾತು ಮೀರಿದವಳಲ್ಲ, ನಾನು ಹೇಳದೆ ಹುಲ್ಲು ಮುಟ್ಟಿದವಳಲ್ಲ, ನೀರು ಮುಟ್ಟಿದವಳಲ್ಲ ಎಂದು ಕೂತಲ್ಲಿ ನಿಂತಲ್ಲಿ ಕೊಚ್ಚಿಕೊಳ್ಳುತ್ತಿದ್ದರು. ಟೈಲರಮ್ಮನ ಗಂಡ ಎದೆಬಡಿತ ತೋರಿಸುವ ಯಂತ್ರ ತಂದು ಸಾಹೇಬನಿಗೆ ಕಟ್ಟಿದ ದಿನ, "ಕುದುರೆಗೆ ವಾಚು ಕಟ್ಟಿದ್ಯಲ್ಲೋ, ಟೈಮು ಕೇಳಿದ್ರೆ ಹೇಳುತ್ತಾ?" ಎಂದು ನಕ್ಕರು. ಮಗನಿಗೆ ರೇಗಿತು. "ನಿಮ್ಮ ಕಾಲದ ಒಂದು ವಿದ್ಯೆನೂ ನನಗೆ ಬೇಡ ಅಪ್ಪ. ನಿಮ್ಮ ವಿದ್ಯೆ ಕುದುರೆ ಕೊಲ್ಲೋ ವಿದ್ಯೆ" ಅಂದುಬಿಟ್ಟ. ಆಮೇಲೆ ಅಪ್ಪ ಮಗ ಹವಾಮಾನ ಬಿಟ್ಟು ಬೇರೆ ಮಾತಾಡಿದ್ದನ್ನು ಯಾರೂ ಕೇಳಲಿಲ್ಲ. ಮಗನ ಒಂದು ಸವಾರಿಗೂ ಮಾವ ಬರಲಿಲ್ಲ. ಇವತ್ತು ಮಾತ್ರ, ಯಾರೂ ಕರೆಯದೆ, ಬೆಳಗ್ಗೆ ವ್ಯಾನಿನ ಮುಂದಿನ ಸೀಟಿನಲ್ಲಿ ಬಂದು ಕೂತಿದ್ದರು.

ಮೊದಲ ಗೇಟು ಗುಡ್ಡದ ತಲೆಯಲ್ಲಿ. ಎದೆಬಡಿತ ಬೇಗ ಇಳಿಯಿತು, ನಡಿಗೆ ಸರಿ ಇತ್ತು. ಅಲ್ಲಿನ ಡಾಕ್ಟರು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು. "ಸದ್ದು ಕಮ್ಮಿ ಇದೆ. ನೀರು ಕುಡಿದಿದ್ದಾನಾ?"

"ಇಲ್ಲ."

"ಕುಡಿಸಿ ಕಳಿಸಿ. ಬಿಸಿಲು ಏರ್ತಾ ಇದೆ."

ಕುಡಿಸಿ ಅಂದರೆ ಕುಡಿಯುವುದಕ್ಕೆ ಅವನೇನು ಮಗುವೇ? ಮೈದುನ ವ್ಯಾನಿನಿಂದ ಇಳಿಸದ ಸಾಮಾನಿಲ್ಲ. ಕೆಂಪು ಬಕೆಟ್ ಇಟ್ಟ, ಅದು ಬೇಡವಾದರೆ ಕಪ್ಪು ಬಕೆಟ್ ಇಟ್ಟ. ನೀರಿಗೆ ಉಪ್ಪು ಹಾಕಿದ, ಬೆಲ್ಲ ಹಾಕಿದ, ಸೇಬಿನ ಚೂರು ತೇಲಿಬಿಟ್ಟ. ಸಾಹೇಬ ಪ್ರತಿಯೊಂದಕ್ಕೂ ತಲೆ ಬಗ್ಗಿಸಿ, ಕಿವಿ ಹಿಂದಕ್ಕೆ ಮಾಡಿ, ನಿಂತ. ಒದ್ದೆ ಹುಲ್ಲು ಮಾತ್ರ ನಾಲ್ಕು ಬಾಯಿ ತಿಂದ. ಅದರಿಂದ ಹೊಟ್ಟೆಯ ಸದ್ದು ಒಂದಿಷ್ಟು ಬಂತು, ಡಾಕ್ಟರು ಅರೆಮನಸ್ಸಿನಿಂದ ಬಿಟ್ಟರು.

"ಅತ್ತಿಗೆ, ಮನೇಲಿ ಕುಡೀತಿದ್ದ ತಾನೇ?" ಮೈದುನ ಕೇಳಿದ.

"ಬಕೆಟ್‌ಗಟ್ಟಲೆ."

"ಮತ್ತೆ ಇವನಿಗೆ ಇವತ್ತೇನು ಬಂತು ದಾಡಿ?"

ಗಂಡ ಹೋದ ಮೇಲೆ ದಿನಾ ಬೆಳಗ್ಗೆ ಅವಳೇ ಅವನನ್ನು ಊರಾಚೆ ಒಂದು ಸುತ್ತು ಓಡಿಸಿ ತರುತ್ತಿದ್ದಳು. ಲಾಯಕ್ಕೆ ಬಂದ ತಕ್ಷಣ ಮುಖ ಮುಳುಗಿಸಿ ಕುಡಿಯುತ್ತಿದ್ದ. ದಾರಿಯಲ್ಲಿ ನೀರು ಕೊಡುವಷ್ಟು ದೂರ ಅವರು ಒಂದು ದಿನವೂ ಹೋಗಿರಲಿಲ್ಲ.

ಎರಡನೇ ತುಂಡು ಬಯಲಿನಲ್ಲಿ. ಬಿಸಿಲು ನೆತ್ತಿಗೆ ಬಂತು. ಮೂರು ತೊಟ್ಟಿ ಸಿಕ್ಕವು, ಮೂರರಲ್ಲಿಯೂ ಅದೇ ಕತೆ. ಅರ್ಧ ದಾರಿಯಲ್ಲಿ ಅವಳು ಇಳಿದು ಪಕ್ಕದಲ್ಲಿ ನಡೆದಳು. ಕತ್ತಿನ ಚರ್ಮ ಚಿವುಟಿದಳು. ಅದು ಗುಡಾರದ ಹಾಗೆ ಎದ್ದು ನಿಂತು, ಬಹಳ ನಿಧಾನಕ್ಕೆ ಇಳಿಯಿತು. ಹೆದರಬೇಕಿತ್ತು. ಹೆದರಿಕೆ ಎಲ್ಲಿದೆ ಎಂದು ತನ್ನೊಳಗೆ ಹುಡುಕಿದಳು, ಬೀಗದ ಕೈಯನ್ನು ಚೀಲದಲ್ಲಿ ತಡಕಾಡಿದ ಹಾಗೆ. ಸಿಗಲಿಲ್ಲ. ಇವನೂ ಹೋದರೆ ನಾನು ಹೀಗೇ ಇರುತ್ತೇನೆಯೇ, ಹೀಗೇ ಅಂಗಡಿ ತೆರೆದು ಕೂರುತ್ತೇನೆಯೇ ಎಂದು ಕೇಳಿಕೊಂಡಳು. ಕೂರುತ್ತೇನೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆ ಅಸಹ್ಯ ಆಗಬೇಕಿತ್ತು, ಅದೂ ಆಗಲಿಲ್ಲ.

ಎರಡನೇ ಗೇಟು ಮುಖ್ಯ ಶಿಬಿರದಲ್ಲೇ ಇತ್ತು. ವ್ಯಾನುಗಳು, ಮಡಿಸುವ ಕುರ್ಚಿಗಳು, ಕಬ್ಬಿಣದ ದೊಡ್ಡ ನೀರಿನ ತೊಟ್ಟಿ. ಗುಡ್ಡಕ್ಕೆ ಬಾರದೆ ಬೆಳಗ್ಗೆಯಿಂದ ಇಲ್ಲೇ ಉಳಿದಿದ್ದ ಮಾವ ಬಟ್ಟೆಯ ಚಪ್ಪರದ ಕೆಳಗೆ ಹುಲ್ಲಿನ ಟೋಪಿ ಹಾಕಿಕೊಂಡು, ಕೈಕೋಲಿನ ಮೇಲೆ ಗಲ್ಲ ಇಟ್ಟು ಕೂತಿದ್ದರು. ಸಾಹೇಬ ಒಳಗೆ ಬರುವಾಗ ತಪಾಸಣೆ ಮಾಡುವ ಗತ್ತು ಇರಲಿಲ್ಲ. ತಲೆ ಕೆಳಗೆ ಜೋತುಬಿದ್ದಿತ್ತು.

ಇಲ್ಲಿನ ಡಾಕ್ಟರಮ್ಮ ಹೆಚ್ಚು ಮಾತಿನವಳಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟಳು, ಹೊಟ್ಟೆಯ ಎರಡೂ ಪಕ್ಕಕ್ಕೆ ಇಟ್ಟಳು, ಒಸಡು ಒತ್ತಿ ನೋಡಿದಳು. ಮತ್ತೊಮ್ಮೆ ಹೊಟ್ಟೆಗೆ ಇಟ್ಟು ಬಹಳ ಹೊತ್ತು ಕೇಳಿದಳು.

"ಸವಾರಿ ಇಲ್ಲಿಗೆ ಮುಗೀತು. ಅದು ಬಿಡಿ. ಕರುಳು ನಿಂತುಹೋಗೋ ಹಾಗಿದೆ. ನಿಂತರೆ ಕುದುರೆ ಉಳಿಯಲ್ಲ."

"ಡ್ರಿಪ್ ಹಾಕಿ ಡಾಕ್ಟ್ರೇ" ಅಂದ ಮೈದುನ.

"ಚಿಕಿತ್ಸೆ ವ್ಯಾನು ಗುಡ್ಡದ ಗೇಟಲ್ಲಿದೆ. ಅಲ್ಲೊಂದು ಕುದುರೆ ಬಿದ್ದಿದೆ. ಫೋನ್ ಮಾಡಿದೀನಿ, ಬರ್ತಾರೆ. ಆದರೆ ಆ ದಾರಿ ನಿಮಗೂ ಗೊತ್ತಲ್ಲ. ಅಷ್ಟರೊಳಗೆ ಇವನು ತಾನಾಗಿ ನೀರು ಕುಡಿದರೆ ಬದುಕ್ತಾನೆ." ಅವಳು ಟೈಲರಮ್ಮನ ಕಡೆ ತಿರುಗಿದಳು. "ಏನು ಮಾಡಿದರೆ ಕುಡೀತಾನೆ ಅಂತ ನಿಮಗೇ ಗೊತ್ತಿರಬೇಕು. ನಿಮ್ಮ ಕುದುರೆ."

ನನ್ನ ಕುದುರೆ ಅಲ್ಲ, ಅವನದು ಅಂದುಕೊಂಡಳು. ಜೀನು ಇಳಿಸಿ ಸಾಹೇಬನನ್ನು ತೊಟ್ಟಿಯ ಹತ್ತಿರ ನಡೆಸಿದಳು. ತೊಟ್ಟಿ ಅಂಚಿನವರೆಗೆ ತುಂಬಿತ್ತು. ಅವನು ಕುತ್ತಿಗೆ ಇಳಿಸಿದ. ಮೂಗಿನ ಹೊಳ್ಳೆಯ ಉಸಿರಿಗೆ ನೀರಿನ ಮೇಲೆ ಸಣ್ಣ ಅಲೆ ಎದ್ದಿತು. ಕಿವಿ ಎರಡೂ ಹಿಂದಕ್ಕೆ ಹೋದವು. ನಿಂತ.

ಟೈಲರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಅಲ್ಲಿಂದ ನೋಡಿದಾಗ ಅವಳಿಗೆ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ದಿನಾ ನೋಡಿದ್ದೇನೆ. ಧೂಳು ಒರೆಸಿದ್ದೇನೆ. ತುಂಬಿದ ತೊಟ್ಟಿ, ನೀರಿಗೆ ತಾಗದ ಮೂತಿ, ಹಿಂದಕ್ಕೆ ತಿರುಗಿದ ಕಿವಿ. ಇಷ್ಟು ವರ್ಷ ಅವಳು ಕೆಂಚಿ ನೀರು ಕುಡಿಯುತ್ತಿದೆ ಎಂದೇ ತಿಳಿದಿದ್ದಳು. ಕೆಂಚಿ ಕುಡಿಯುತ್ತಿರಲಿಲ್ಲ. ಕಾಯುತ್ತಿತ್ತು.

ಅವಳು ಚಪ್ಪರದ ಕಡೆ ತಿರುಗಿದಳು. ಮಾವ ಆಗಲೇ ಎದ್ದು ನಿಂತಿದ್ದರು. ಕೈಕೋಲು ಕೆಳಗೆ ಬಿದ್ದಿತ್ತು, ಎತ್ತಿಕೊಳ್ಳುವ ಯೋಚನೆಯೂ ಇರಲಿಲ್ಲ.

"ಏನಮ್ಮ," ಅಂದರು. "ಅವನು ಇವನಿಗೆ ಸಿಳ್ಳೆ ಕಲಿಸಿದ್ನಾ?"

"ಯಾವ ಸಿಳ್ಳೆ ಮಾವ?"

"ನೀರಿಂದು. ದಾರೀಲಿ ಸಿಕ್ಕಸಿಕ್ಕ ಹೊಂಡದಲ್ಲಿ ಬಾಯಿ ಹಾಕಬಾರದು ಅಂತ ಕೆಂಚಿಗೆ ಕಲಿಸಿದ್ದೆ. ನಾನು ಮೊದಲು ಬಾಯಿಗೆ ಹಾಕಿ ನೋಡ್ತಿದ್ದೆ. ಸಿಹಿ ಇದ್ರೆ ಸಿಳ್ಳೆ. ಸಿಳ್ಳೆ ಇಲ್ದೆ ಅವಳು ಕುಡೀತಿರ್ಲಿಲ್ಲ." ಅವರು ಸಾಹೇಬನನ್ನೇ ನೋಡುತ್ತಿದ್ದರು. "ನನ್ನ ವಿದ್ಯೆ ಬೇಡ ಅಂದಿದ್ದ."

ಬೇಡ ಅಂದವನು ಕದ್ದು ಕಲಿತಿದ್ದ, ನೋಡಿ. ಅಪ್ಪನ ಎದುರಿಗೆ ಹಾರಾಡಿ, ಬೆನ್ನ ಹಿಂದೆ ಅದೇ ವಿದ್ಯೆಯನ್ನು ಕುದುರೆಗೆ ಹೇಳಿಕೊಟ್ಟಿದ್ದ. ಹೆಂಡತಿಗೆ ಒಂದು ಮಾತು ಹೇಳಿರಲಿಲ್ಲ. ಹೇಳುವುದೇನಿದೆ, ನಾನೇ ಇರುತ್ತೇನಲ್ಲ ಅಂದುಕೊಂಡಿರಬೇಕು. ಟೈಲರಮ್ಮನಿಗೆ ಆ ಸಿಳ್ಳೆ ಗೊತ್ತಿತ್ತು. ಸವಾರಿಯ ದಿನ ಗೇಟಿನೊಳಗೆ ಬರುವಾಗ, ಮನೆಯಲ್ಲಿ ಗಡ್ಡ ಮಾಡಿಕೊಳ್ಳುವಾಗ, ಪಾತ್ರೆ ತೊಳೆಯುವಾಗ ಅವನ ಬಾಯಲ್ಲಿ ಅದೇ. ಚಿಕ್ಕದಾಗಿ ಎರಡು ಸಲ ಮೇಲಕ್ಕೆ, ಆಮೇಲೆ ಉದ್ದಕ್ಕೆ ಒಂದು ಕೆಳಕ್ಕೆ. "ಮನೆಯೊಳಗೆ ಸಿಳ್ಳೆ ಬೇಡ, ತಲೆ ಚಿಟ್ಟು ಹಿಡಿಯುತ್ತೆ" ಎಂದು ಅವಳು ಎಷ್ಟು ಸಲ ಗದರಿದ್ದಳೋ. ಅದು ನೀರಿನ ಸಿಳ್ಳೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಲಾಯದ ಬಕೆಟ್ಟಿಗೆ ಆ ನಿಯಮ ಇರಲಿಲ್ಲ, ದಾರಿಗೆ ಮಾತ್ರ.

"ಹಾಕಿ ಮಾವ" ಅಂದಳು.

ಮಾವ ತೊಟ್ಟಿಯ ಹತ್ತಿರ ಬಂದು ತುಟಿ ಮುಂದೆ ಮಾಡಿದರು. ಬರೀ ಗಾಳಿ ಬಂತು. ಹಲ್ಲುಸೆಟ್ಟು ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ಮತ್ತೆ ಊದಿದರು. ಕೆನ್ನೆ ಒಳಗೆ ಹೋಯಿತು, ಕಣ್ಣಲ್ಲಿ ನೀರು ಬಂತು, ಸದ್ದು ಬರಲಿಲ್ಲ. ಮೈದುನನಿಗೆ ಸಿಳ್ಳೆ ಹಾಕಲು ಬರುತ್ತಿತ್ತು, ಆದರೆ ಅಣ್ಣನ ರಾಗ ಸರಿಯಾಗಿ ನೆನಪಿರಲಿಲ್ಲ. ತಿಳಿದಂತೆ ಹಾಕಿದ. ಸಾಹೇಬ ಒಂದು ಕಿವಿ ಆಡಿಸಿ ಸುಮ್ಮನಾದ. ಹಿಂದಿನ ಕಾಲೊಂದು ಸಣ್ಣಗೆ ನಡುಗುವುದಕ್ಕೆ ಶುರುವಾಗಿತ್ತು.

ಟೈಲರಮ್ಮ ಜೀವಮಾನದಲ್ಲಿ ಸಿಳ್ಳೆ ಹಾಕಿದವಳಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಕಲಿಸಲು ನೋಡಿ, ಸೋತು, "ಟೈಲರಮ್ಮನೋರೇ, ನಿಮ್ಮ ತುಟಿ ಇರೋದು ಗುಂಡುಸೂಜಿ ಕಚ್ಚೋಕೆ ಮಾತ್ರ" ಎಂದು ನಕ್ಕಿದ್ದ. ಅವಳಿಗೆ ಅದು ನೆನಪಾಯಿತು. ಬಿಸಿಲಿಗೆ ಒಡೆದ ತುಟಿಗಳನ್ನು, ಬಟ್ಟೆಯ ಅಂಚು ಮಡಿಸುವಾಗ ನಾಲ್ಕೈದು ಗುಂಡುಸೂಜಿಗಳನ್ನು ಒಟ್ಟಿಗೆ ಹಿಡಿಯುವ ಹಾಗೆ ಬಿಗಿ ಮಾಡಿ ಊದಿದಳು. ಗಾಳಿ. ತೊಟ್ಟಿಯ ನೀರಲ್ಲಿ ಬೆರಳದ್ದಿ ತುಟಿ ಒದ್ದೆ ಮಾಡಿಕೊಂಡಳು. ಕಾಣದ ಆ ಸೂಜಿಗಳ ನಡುವೆ ಸಣ್ಣ ಸಂದಿ ಬಿಟ್ಟಳು. ಊದಿದಳು.

ಬಂತು. ತೆಳ್ಳಗೆ, ಅಲ್ಲಲ್ಲಿ ಹರಿದು, ಆದರೂ ಅದೇ. ಎರಡು ಮೇಲಕ್ಕೆ, ಒಂದು ಉದ್ದಕ್ಕೆ ಕೆಳಕ್ಕೆ.

ಸಾಹೇಬ ತಲೆ ಎತ್ತಿದ. ನೀರು ಕುಡಿಯಲಿಲ್ಲ. ಅವಳ ಭುಜದ ಆಚೆ ನೋಡಿದ. ವ್ಯಾನಿನ ಕಡೆ ನೋಡಿದ, ಗೇಟಿನ ಕಡೆ ನೋಡಿದ, ಕಿವಿ ನೆಟ್ಟಗೆ ಮಾಡಿ ಜನರ ಮುಖಗಳನ್ನು ಒಂದೊಂದಾಗಿ ನೋಡಿದ. ಗಂಟಲಿನೊಳಗೇ ಒಂದು ಸದ್ದು ಮಾಡಿದ, ಲಾಯದಲ್ಲಿ ಬೆಳಗ್ಗೆ ಹೆಜ್ಜೆ ಸಪ್ಪಳ ಕೇಳಿದಾಗ ಮಾಡುತ್ತಿದ್ದ ಸದ್ದು. ಯಾರೂ ಬರಲಿಲ್ಲ. ಅವಳು ಮತ್ತೆ ಸಿಳ್ಳೆ ಹಾಕಿದಳು. ಅವನು ಈ ಸಲ ಅವಳನ್ನೇ ನೋಡಿದ. ಆಮೇಲೆ ತಲೆ ಇಳಿಸಿ ಮೂತಿಯನ್ನು ನೀರಿನೊಳಗೆ ಇಟ್ಟ.

ಗುಟುಕು ಗುಟುಕಾಗಿ ನೀರು ಗಂಟಲಲ್ಲಿ ಇಳಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ಅವಳಿಗೆ ಸಿಳ್ಳೆ ನಿಲ್ಲಿಸಲು ಧೈರ್ಯ ಬರಲಿಲ್ಲ. ನಾನು ನಿಲ್ಲಿಸಿದರೆ ಇವನೂ ನಿಲ್ಲಿಸಿದರೆ? ಆಗಲೇ ಅವಳ ಎದೆಯ ಕೆಳಗೆ ಏನೋ ಕಿತ್ತುಕೊಂಡು ಬಂತು. ಗಂಡ ಸತ್ತಿದ್ದಾನೆ. ಇನ್ನು ಬರುವುದಿಲ್ಲ. ಇಷ್ಟು ದಿನ ಎಲ್ಲರಿಗೂ ತಾನೇ ಹೇಳುತ್ತಿದ್ದ ಸುದ್ದಿ ಅವಳಿಗೆ ಈಗ ತಲುಪಿತು. ತುಟಿ ನಡುಗಿತು, ಸಿಳ್ಳೆ ಹರಿಯಿತು, ಸಾಹೇಬನ ಕಿವಿ ಹೊರಳಿತು. ಅಳುತ್ತ ಸಿಳ್ಳೆ ಹಾಕುವುದಕ್ಕೆ ಆಗುವುದಿಲ್ಲ, ಬೇಕಾದರೆ ಮಾಡಿ ನೋಡಿ. ಅವಳು ಇಲ್ಲದ ಸೂಜಿಗಳನ್ನು ಇನ್ನೂ ಬಿಗಿಯಾಗಿ ಕಚ್ಚಿದಳು. ಈಗ ಬೇಡ, ಅಂದುಕೊಂಡಳು. ಇವನು ಕುಡಿಯಲಿ. ಊದಿದಳು, ಉಸಿರು ತೆಗೆದುಕೊಂಡಳು, ಊದಿದಳು. ತೊಟ್ಟಿಯ ನೀರು ಅಂಚಿನಿಂದ ಕೆಳಗೆ ಇಳಿಯಿತು.

"ಸಾಕು ಅತ್ತಿಗೆ, ಕುಡಿದ" ಎಂದು ಮೈದುನ ತೋಳು ಮುಟ್ಟಿದಾಗಲೇ ನಿಲ್ಲಿಸಿದ್ದು. ಸಾಹೇಬ ತಲೆ ಎತ್ತಿ, ಮೂತಿಯ ನೀರನ್ನು ಅವಳ ಅಂಗಿಗೆ ಒರೆಸಿದ. ಡಾಕ್ಟರಮ್ಮ ಸ್ವಲ್ಪ ಹೊತ್ತು ಬಿಟ್ಟು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟಳು. ಕೇಳಿದಳು. ಇನ್ನೊಂದು ಪಕ್ಕ ಕೇಳಿದಳು. "ಶುರುವಾಗಿದೆ" ಅಂದಳು. "ವ್ಯಾನು ಬಂದ ಮೇಲೆ ಡ್ರಿಪ್ ಹಾಕೋಣ. ಉಳೀತಾನೆ."

ಮೈದುನ ಸಾಹೇಬನನ್ನು ನೆರಳಿಗೆ ಕರೆದುಕೊಂಡು ಹೋದ. ತೊಟ್ಟಿಯ ಹತ್ತಿರ ಅವಳೂ ಮಾವನೂ ಉಳಿದರು. ಮಾವ ಹಲ್ಲುಸೆಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಹಲ್ಲಿಲ್ಲದ ಬಾಯಲ್ಲಿ ಅವರ ಮಾತು ಮೆತ್ತಗಾಗಿತ್ತು.

"ಅವತ್ತು ಇಳಿದ ತಕ್ಷಣ ನನ್ನ ಹೆಗಲ ಮೇಲೆ ಎತ್ಕೊಂಡುಬಿಟ್ರಮ್ಮ" ಅಂದರು. "ಚೌಕ ಸುತ್ತಿಸಿದ್ರು. ನಾನು ತಿರುಗಿ ನೋಡಿದೆ. ತೊಟ್ಟಿ ಮುಂದೆ ನಿಂತಿದ್ಲು. ಕುಡೀತಿದಾಳೆ ಅಂದ್ಕೊಂಡೆ."

ಮಾವ ಅಂಚಿನಿಂದ ಇಳಿದಿದ್ದ ನೀರನ್ನು ನೋಡಿದರು. ನಲ್ಲಿ ಬಿಟ್ಟಿದ್ದರು, ತೊಟ್ಟಿ ನಿಧಾನಕ್ಕೆ ಮತ್ತೆ ತುಂಬುತ್ತಿತ್ತು.

"ಇನ್ನೊಂದ್ಸಲ ಹಾಕ್ತೀಯೇನಮ್ಮ?" ಅಂದರು ಮಾವ.

ತೊಟ್ಟಿಯ ಮುಂದೆ ಯಾವ ಕುದುರೆಯೂ ಇರಲಿಲ್ಲ. ಯಾರಿಗೆ ಎಂದು ಅವಳು ಕೇಳಲಿಲ್ಲ. ಬೆರಳದ್ದಿ ತುಟಿ ಒದ್ದೆ ಮಾಡಿಕೊಂಡಳು, ಸೂಜಿ ಹಿಡಿಯುವ ಹಾಗೆ ಬಿಗಿ ಮಾಡಿದಳು. ಮೊದಲನೆಯದು ಅರ್ಧ ಬಂತು. ಆಮೇಲೆ ತುಟಿ ಅವಳ ಮಾತು ಕೇಳಲಿಲ್ಲ. ಟೈಲರಮ್ಮ ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಮಾವ ಅವಳ ಪಕ್ಕದಲ್ಲಿ ನಿಂತು, ಸದ್ದಿಲ್ಲದೆ ಗಾಳಿ ಊದುತ್ತಲೇ ಇದ್ದರು.